ಯಾವ ಸಮುದ್ರಕ್ಕೆ ಇಳಿಯೋಣ

ನನಗೆ ಈಜು ಕಲಿಸಿದವಳು ನನ್ನ ಚಿಕ್ಕಮ್ಮ. ಹೊನ್ನವಳ್ಳಿ ಪಕ್ಕದ ನಮ್ಮ ತೋಟದ ಬಾವಿಯಲ್ಲಿ, ಎರಡು ಒಣ ತೆಂಗಿನಕಾಯಿಗಳ ಸಿಪ್ಪೆ ಸೀಳಿ ಒಂದಕ್ಕೊಂದು ಗಂಟು ಹಾಕಿ, ಅದನ್ನು ನನ್ನ ಬೆನ್ನಿಗೆ ಕಟ್ಟಿ, ಮೆಟ್ಟಿಲ ಮೇಲಿಂದ ನೂಕಿಬಿಟ್ಟಳು. "ಕೈಕಾಲು ಆಡ್ಸೇ, ನೀರೇನು ನಿನ್ನ ತಿನ್ನಲ್ಲ" ಎಂದು ಮೇಲಿನಿಂದ ಕೂಗುತ್ತಿದ್ದಳು. ನಾನೊಬ್ಬಳೇ ಅಲ್ಲ, ನಮ್ಮ ಬೀದಿಯ ಎಷ್ಟೋ ಹೆಣ್ಣುಮಕ್ಕಳು ಅವಳ ಕೈಯಲ್ಲೇ ಈಜು ಕಲಿತವರು. ಸೀರೆಯನ್ನು ಕಚ್ಚೆ ಕಟ್ಟಿ ದಂಡೆಯಿಂದ ಧುಮುಕುತ್ತಿದ್ದ ಅವಳನ್ನು ನೋಡಿ ಊರಿನ ದೊಡ್ಡವರು ಗೊಣಗುತ್ತಿದ್ದರು. ಅವಳು ಅದನ್ನು ಕಿವಿಗೆ ಹಾಕಿಕೊಂಡವಳೇ ಅಲ್ಲ.

ತೊಂಬತ್ತರ ದಶಕದಲ್ಲಿ ಸುತ್ತಮುತ್ತ ಬೋರ್‌ವೆಲ್ ಬಂದವು. ನಾವೂ ಕೊರೆಸಿದೆವು. ತೆಂಗಿಗೆ ನೀರಾಯಿತು, ಬಾವಿ ಬತ್ತಿತು. ಆಮೇಲೆ ನಮಗೆ ಈಜುವುದಕ್ಕೆ ಜಾಗವೇ ಇಲ್ಲದಂತಾಯಿತು. ಮಳೆ ಚೆನ್ನಾಗಿ ಆದ ವರ್ಷ ಕೆರೆಗೆ ಹೋಗುತ್ತಿದ್ದೆವು, ಅಷ್ಟೆ.

ಹಾಗಿರುವಾಗ, ಸುನಾಮಿ ಬಂದುಹೋದ ಮರುವರ್ಷ, ಚಿಕ್ಕಮ್ಮನ ಮಗ ಒಂದು ಸುದ್ದಿ ತಂದ. ಅವನು ನನಗಿಂತ ಸ್ವಲ್ಪ ದೊಡ್ಡವನು, ನನಗೆ ಅಣ್ಣ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ. ಟಿವಿಯಲ್ಲಿ ಯಾರೋ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳದಲ್ಲಿ ಮೀನುಗಳ ನಡುವೆ ಓಡಾಡುವುದನ್ನು ನೋಡಿ ಅವನಿಗೆ ಹುಚ್ಚು ಹಿಡಿದಿತ್ತು. ಸ್ಕೂಬಾ ಡೈವಿಂಗ್ ಅನ್ನುವ ಮಾತನ್ನು ಅವನ ಬಾಯಿಂದಲೇ ನಾನು ಮೊದಲು ಕೇಳಿದ್ದು. ಭಾನುವಾರ ಬಿ.ಎಚ್. ರಸ್ತೆಯ ಒಂದು ಗ್ಯಾರೇಜಿನಲ್ಲಿ ಸೇರಿದೆವು. ಗ್ಯಾರೇಜ್ ಅಣ್ಣನ ಕ್ಲಾಸ್‌ಮೇಟ್‌ದು. ಅವನನ್ನು ನಾನು ಭಾಯ್ ಅನ್ನುತ್ತೇನೆ. ಚಿಕ್ಕಂದಿನಲ್ಲಿ ಅವನೂ ನಮ್ಮ ಬಾವಿಯಲ್ಲಿ ಬಿದ್ದು ಎದ್ದವನೇ. ಅಣ್ಣನ ಜೊತೆ ಮಂಡಿಯ ಇಬ್ಬರು ಗೆಳೆಯರೂ ಬಂದಿದ್ದರು. ಚಿಕ್ಕಮ್ಮ ಸಂತೆಗೆಂದು ಬಂದವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು.

ಅಣ್ಣ ಒಬ್ಬ ಏಜೆಂಟನನ್ನು ಮಾತಾಡಿಸಿಬಿಟ್ಟಿದ್ದ. ಕರಾವಳಿಯ ಒಂದು ಕಡೆ, ತರಬೇತಿಯ ತಲೆನೋವಿಲ್ಲ, ಹೋದ ತಕ್ಷಣ ಇಳಿಸುತ್ತಾರೆ. "ಮೀನಿಗೆ ಬ್ರೆಡ್ ಹಾಕಿದ್ರೆ ಕೈಗೇ ಬತ್ತಾವಂತೆ. ಹವಳದ ಮೇಲೆ ನಿಂತ್ಕೊಂಡು ಫೋಟೊ ಹೊಡೀತಾರೆ. ಒಂದೊಂದು ಚೂರು ಮನೆಗೂ ತರಬಹುದು ಕಣ್ಲಾ" ಎಂದು ಭಾಯ್‌ಗೆ ಹೇಳುತ್ತಿದ್ದ. ಮಂಡಿಯ ಗೆಳೆಯರಿಗೆ ಖುಷಿಯೋ ಖುಷಿ.

ನಾನು ಆಗ ತುರುವೇಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಹವಳ ಕಲ್ಲಲ್ಲ, ಜೀವ ಎಂದು ಮಕ್ಕಳಿಗೆ ಪಾಠ ಮಾಡಿದವಳು. ಆದರೂ ಪುಸ್ತಕದಲ್ಲಿ ಇದ್ದಷ್ಟೇ ಗೊತ್ತಿದ್ದದ್ದು. ಒಂದು ವಾರ ಟೈಮ್ ಕೊಡಿ ಎಂದು ಕೇಳಿದೆ. ಶಾಲೆ ಬಿಟ್ಟ ಮೇಲೆ ಇಂಟರ್ನೆಟ್ ಸೆಂಟರಿನಲ್ಲಿ ಕೂತು, ಕರೆಂಟು ಹೋಗಿ ಬಂದು ಮಾಡುತ್ತಿದ್ದ ನಡುವೆಯೇ ಓದಿದೆ. ಓದುತ್ತಾ ಹೋದಂತೆ ಕಸಿವಿಸಿಯಾಯಿತು. ಒಂದು ಅಂಗುಲ ಹವಳ ಬೆಳೆಯುವುದಕ್ಕೆ ವರ್ಷಗಟ್ಟಲೆ ಬೇಕು. ಒಬ್ಬ ಮನುಷ್ಯ ಅದರ ಮೇಲೆ ಕಾಲಿಟ್ಟರೆ ಅದಷ್ಟೂ ಕ್ಷಣದಲ್ಲಿ ಪುಡಿ. ದೋಣಿಯ ಲಂಗರು ಬಿದ್ದು ಎಳೆದಾಡಿದರೆ ಇನ್ನೂ ಕೆಟ್ಟದ್ದು.

ಮುಂದಿನ ಭಾನುವಾರ ಇದನ್ನೆಲ್ಲ ಗ್ಯಾರೇಜಿನಲ್ಲಿ ಹೇಳಿದೆ. ಮಂಡಿಯ ಗೆಳೆಯರಲ್ಲಿ ಒಬ್ಬ ನಕ್ಕ. "ಮೇಡಂ, ಅಷ್ಟು ದೊಡ್ಡ ಸಮುದ್ರಕ್ಕೆ ನಮ್ಮ ಐದಾರು ಜನದಿಂದ ಏನಾಗ್ತದೆ?"

ಚಿಕ್ಕಮ್ಮ ಮಾತಾಡಿದಳು. "ಬಾವಿಗೆ ಬಿದ್ದ ಬಿಂದಿಗೆ ತೆಗೆಯೋಕೆ ಪಾತಾಳಗರಡಿ ಬಿಟ್ಟು ಎಳೀತಿದ್ವಲ್ಲ, ತಳದಲ್ಲಿರೋ ಪಾಚಿ, ಕಪ್ಪೆಚಿಪ್ಪು, ಎಲ್ಲ ಕಿತ್ಕೊಂಡು ಬರ್ತಿತ್ತು. ಲಂಗರೂ ಅಂಥದ್ದೇ ತಾನೇ?"

"ಅಂಥದ್ದೇ ಚಿಕ್ಕಮ್ಮ, ಇನ್ನೂ ದೊಡ್ಡದು" ಅಂದೆ.

"ಹಂಗಾದ್ರೆ ಆ ಏಜೆಂಟು ಬ್ಯಾಡ ಬುಡು."

ಅಣ್ಣನಿಗೆ ಸಿಟ್ಟು ಬಂತು. "ಅವ್ವ, ನೀನೂ ಬತ್ತೀಯಾ ಅಂತ ಯಾರು ಅಂದ್ರು?"

"ನಾನಿಲ್ದೆ ನಿಂಗೆ ಈಜು ಎಲ್ಲಿ ಬರ್ತಿತ್ತು? ನಾನೂ ಬತ್ತೀನಿ."

ಅವಳಿಗೆ ಆಗ ಐವತ್ತು ದಾಟಿತ್ತು. ಭಾಯ್ ಸ್ಪ್ಯಾನರ್ ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಅವಳು ಬರುವುದು ಅಲ್ಲಿಗೆ ಖಾಯಂ ಆಯಿತು.

ಇನ್ನು ಎಲ್ಲಿಗೆ ಅನ್ನುವುದು. ಅಂಡಮಾನ್ ಎಂದು ನಾನು ಆಸೆಪಟ್ಟಿದ್ದೆ. ಸುನಾಮಿಯಲ್ಲಿ ಅಲ್ಲಿನ ಹವಳವೂ ಜನವೂ ಏಟು ತಿಂದಿದ್ದ ಕಾಲ. ಅದು ಸುಧಾರಿಸಿಕೊಳ್ಳಲಿ, ಈಗಲೇ ಹೋಗಿ ತುಳಿಯುವುದು ಬೇಡ ಎಂದೆ. ಭಾಯ್ ಒಪ್ಪಲಿಲ್ಲ. "ಅಲ್ಲಮ್ಮಾ, ಯಾರೂ ಹೋಗ್ದಿದ್ರೆ ಅಲ್ಲಿನ ದೋಣಿಯವರು ಹೊಟ್ಟೆಗೇನು ತಿಂತಾರೆ? ಹೊಟ್ಟೆಗಿಲ್ದವನು ಹವಳ ಕಾಯ್ತಾನಾ?" ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಬಹಳ ಹೊತ್ತು ವಾದವಾಯಿತು. ಕೊನೆಗೆ ದೂರ, ರಜೆ ಸಾಲದು ಅನ್ನುವ ಕಾರಣಕ್ಕೇ ಅಂಡಮಾನ್ ಬಿಟ್ಟೆವು. ಆದರೆ ಭಾಯ್ ಹೇಳಿದ್ದು ನನ್ನ ತಲೆಯಲ್ಲಿ ಉಳಿಯಿತು. ಎಲ್ಲಿಗೂ ಹೋಗದೆ ಕೂರುವುದಲ್ಲ, ಒಳ್ಳೆಯದಾಗಿ ನಡೆಸುವವರನ್ನು ಹುಡುಕಿ ಅವರಲ್ಲಿಗೆ ಹೋಗಬೇಕು ಅನ್ನಿಸಿತು.

ಉಳಿದದ್ದು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪ. ಅಲ್ಲಿಗೆ ಕರೆದೊಯ್ಯುವ ಒಬ್ಬ ತರಬೇತುದಾರನ ನಂಬರ್ ಸಿಕ್ಕಿತು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ, ಪಕ್ಕದಲ್ಲಿ ಅಣ್ಣ, ಭಾಯ್, ಚಿಕ್ಕಮ್ಮ ಕಿವಿಕೊಟ್ಟು ನಿಂತಿದ್ದರು. ದೋಣಿ ಹೇಗೆ ನಿಲ್ಲಿಸುತ್ತೀರಿ ಎಂದು ಕೇಳಿದೆ. "ಅಲ್ಲಿ ಮೊದಲೇ ಬಿಟ್ಟಿರೋ ತೇಲೋ ಬುರುಡೆಗೆ ದೋಣಿ ಹಗ್ಗ ಕಟ್ತೇವೆ, ಹವಳದ ಮೇಲೆ ಲಂಗರು ಹಾಕೂದಿಲ್ಲ" ಎಂದ. ಮೀನಿಗೆ ಬ್ರೆಡ್ ಹಾಕಬಹುದೇ ಎಂದು ಅಣ್ಣ ಹಿಂದಿನಿಂದ ಕೇಳಿಸಿದ. "ಹಾಕೂ ಹಾಗಿಲ್ಲ, ಮುಟ್ಟೂ ಹಾಗಿಲ್ಲ, ತಕೊಂಡು ಹೋಗೂ ಹಾಗಿಲ್ಲ. ಮೊದಲು ಕೊಳದಲ್ಲಿ ಕಲೀಬೇಕು. ಅಲ್ಲಿ ಪಾಸಾದವರಿಗೆ ಮಾತ್ರ ಸಮುದ್ರ. ಒಪ್ಪಿಗೆಯಾದ್ರೆ ಬನ್ನಿ."

ಮಂಡಿಯ ಗೆಳೆಯರಿಬ್ಬರೂ ಹಿಂದೆ ಸರಿದರು. ಮುಟ್ಟಬಾರದು, ತರಬಾರದು, ಮೇಲೆ ಪರೀಕ್ಷೆ ಬೇರೆ, ಇದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಎಂದರು. ಅಣ್ಣನೂ ಹೋಗುತ್ತಾನೇನೋ ಎಂದು ನನಗೆ ಭಯವಿತ್ತು. ಅವನು ಮುಖ ಊದಿಸಿಕೊಂಡೇ ಇದ್ದ, ಆದರೆ ಬಿಟ್ಟು ಹೋಗಲಿಲ್ಲ. ನಾಲ್ಕು ಜನ ಉಳಿದೆವು.

ಮಳೆಗಾಲ ಕಳೆದು ಸಮುದ್ರ ತಿಳಿಯಾಗುವವರೆಗೆ ಕಾದು, ಭಾಯ್‌ನ ಗ್ಯಾರೇಜಿನ ಸುಮೊದಲ್ಲಿ ಹೊರಟೆವು. ಸಾಗರದ ಪೇಟೆ ದಾಟಿ ಘಟ್ಟ ಇಳಿದು ಹೊನ್ನಾವರ ಮುಟ್ಟುವವರೆಗೂ ಚಿಕ್ಕಮ್ಮ ಮುಂದಿನ ಸೀಟಿನಲ್ಲಿ ಕಣ್ಣು ಮಿಟುಕಿಸದೆ ಕೂತಿದ್ದಳು. ಅವಳು ಸಮುದ್ರ ನೋಡುತ್ತಿದ್ದದ್ದು ಅದೇ ಮೊದಲು. ಮುರುಡೇಶ್ವರದ ದಡದಲ್ಲಿ ನೀರನ್ನು ಬೊಗಸೆಯಲ್ಲಿ ತೆಗೆದು ನಾಲಿಗೆಗೆ ತಾಗಿಸಿ, "ಥೂ, ಉಪ್ಪು" ಎಂದು ನಕ್ಕಳು.

ತರಬೇತುದಾರ ಚಿಕ್ಕ ವಯಸ್ಸಿನವನು, ಅಲ್ಲಿಯ ಕಡೆಯವನೇ. ಚಿಕ್ಕಮ್ಮನನ್ನು ನೋಡಿ ತಡವರಿಸಿದ. ತಿಪಟೂರಿನ ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ತೋರಿಸಿದೆ. ಆದರೂ ಅವನಿಗೆ ಧೈರ್ಯ ಬರಲಿಲ್ಲ.

"ಅಮ್ಮಾ, ನಿಮಗೆ ಹೆದರಿಕೆ ಆಗೂದಿಲ್ವಾ?"

"ನೀನು ಪರೀಕ್ಷೆ ಮಾಡಪ್ಪ. ಆಗ್ದಿದ್ರೆ ದಡದಲ್ಲಿ ಕೂತ್ಕೊತೀನಿ. ಪಾಸಾದ್ರೆ ಇಳಿಸ್ಬೇಕು."

ಮೈಗಂಟುವ ಕಪ್ಪು ಸೂಟು ಹಾಕಿಕೊಂಡು ಅವಳು ಕೋಣೆಯಿಂದ ಹೊರಬಂದಾಗ ಅಣ್ಣ ತಲೆ ತಗ್ಗಿಸಿದ. "ಕಚ್ಚೆ ಸೀರೆಗಿಂತ ಇದೇ ವಾಸಿ ಕಣೋ, ಎಲ್ಲೂ ಬಿಚ್ಕೊಳಲ್ಲ" ಎಂದು ಅವಳು ಅವನ ಬೆನ್ನು ಗುದ್ದಿದಳು. ಕೊಳದಲ್ಲಿ ಬಾಯಿಂದ ಉಸಿರಾಡುವುದು, ಮೂಗು ಹಿಡಿದು ಕಿವಿಯ ಒತ್ತಡ ಬಿಡಿಸುವುದು, ಮುಖವಾಡಕ್ಕೆ ನೀರು ನುಗ್ಗಿದರೆ ಹೊರಗೆ ಹಾಕುವುದು, ಎಲ್ಲ ತರಬೇತುದಾರ ಹೇಳಿಕೊಟ್ಟ. ನನಗೆ ಮೂರು ಸಲ ತಪ್ಪಿತು. ಭಾಯ್ ಗಾಬರಿಯಾಗಿ ಎದ್ದು ನಿಂತ. ಚಿಕ್ಕಮ್ಮ ತಳದಲ್ಲಿ ಮಂಡಿಯೂರಿ ಕೂತವಳು, ಅವನು ಸನ್ನೆ ಮಾಡುವವರೆಗೂ ಅಲ್ಲಾಡಲಿಲ್ಲ. ಮೇಲೆ ಬಂದಾಗ ಹುಡುಗ, "ಅಮ್ಮ ಪಾಸು" ಎಂದ. ಅವನ ಮುಖದಲ್ಲೂ ಸಂತೋಷ. ಸಂಜೆಯ ಹೊತ್ತಿಗೆ ಉಳಿದ ಮೂವರೂ ಹೇಗೋ ಪಾಸಾದೆವು.

ಮಾರನೇ ದಿನ ಬೆಳಿಗ್ಗೆ ದಡಕ್ಕೆ ಹೋದರೆ ಗಾಳಿ ಎದ್ದಿತ್ತು. ತರಬೇತುದಾರ ಸಮುದ್ರ ನೋಡಿ ತಲೆಯಾಡಿಸಿದ. "ನೀರು ಕದಡಿದೆ. ಏನೂ ಕಾಣೂದಿಲ್ಲ. ಕಾಣದೆ ಇಳಿದ್ರೆ ಹವಳಕ್ಕೆ ಕಾಲು ಬಡೀತದೆ, ನಿಮಗೂ ಪೆಟ್ಟು, ಅದಕ್ಕೂ ಪೆಟ್ಟು. ಇವತ್ತು ಬೇಡ."

ಅವನು ಅತ್ತ ಹೋದ ಮೇಲೆ ಬೇರೆ ಯಾವನೋ ದೋಣಿಯವನು ಬಂದ. ದಡದ ಹತ್ತಿರವೇ ಬಂಡೆಗಳಿವೆ, ಲಂಗರು ಹಾಕಿ ಇಳಿಸುತ್ತೇನೆ, ಮುಟ್ಟಿ ನೋಡಬಹುದು, ಬೇಕಾದ್ದು ತಂದುಕೊಳ್ಳಬಹುದು ಎಂದ. ನಾಳೆಯೂ ಹೀಗೇ ಇದ್ದರೆ ಬರಿಗೈಯಲ್ಲಿ ವಾಪಸ್ ಹೋಗಬೇಕು. ಸೋಮವಾರ ನನಗೆ ಶಾಲೆ, ಅಣ್ಣನಿಗೆ ಮಂಡಿ. ನಿಜ ಹೇಳಬೇಕೆಂದರೆ ನನಗೂ ಆಸೆಯಾಗಿತ್ತು.

ಚಿಕ್ಕಮ್ಮ ಬೇಡ ಎನ್ನುತ್ತಾಳೆ ಎಂದು ಅವಳ ಕಡೆ ನೋಡಿದೆ. ಮಾತಾಡಿದ್ದು ಅಣ್ಣ.

"ಬ್ಯಾಡ ಕಣಪ್ಪ. ನಾವು ಕಾಯ್ತೀವಿ" ಎಂದು ದೋಣಿಯವನಿಗೆ ಹೇಳಿದ. ಆಮೇಲೆ ನಮ್ಮ ಕಡೆ ತಿರುಗಿ, "ಇಷ್ಟಕ್ಕೇ ಆಗಿದ್ರೆ ಆ ಏಜೆಂಟ್ ಹತ್ರಾನೇ ಹೋಗಬಹುದಿತ್ತಲ್ಲ" ಎಂದ. ಅವನ ದನಿಯಲ್ಲಿ ಮುನಿಸಿನ್ನೂ ಇತ್ತು. ಆದರೂ ಆ ಕ್ಷಣ ಅವನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಅಪ್ಪಿಕೊಳ್ಳಬೇಕು ಅನ್ನಿಸಿತು. ಚಿಕ್ಕಮ್ಮ ಅವನ ಅಂಗಿಯ ಕಾಲರ್ ಸರಿಮಾಡಿದಳು.

ಮರುದಿನ ಗಾಳಿ ನಿಂತಿತು.

ದೋಣಿ ನೇತ್ರಾಣಿಯ ಹತ್ತಿರ ಹೋಗಿ, ತೇಲುವ ಕಿತ್ತಳೆ ಬಣ್ಣದ ಬುರುಡೆಗೆ ಹಗ್ಗ ಬಿಗಿದು ನಿಂತಿತು. ಮೇಲಿನಿಂದಲೇ ಬಂಡೆಗಳು ಕಾಣುವಷ್ಟು ನೀರು ತಿಳಿಯಾಗಿತ್ತು. ಒಬ್ಬೊಬ್ಬರಿಗೆ ಒಬ್ಬೊಬ್ಬ ತರಬೇತುದಾರ. ಹಿಮ್ಮುಖವಾಗಿ ಬಿದ್ದಾಗ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಸುತ್ತಲೂ ನೀಲಿ, ನನ್ನದೇ ಉಸಿರಿನ ಸದ್ದು. ಇನ್ನೂ ಕೆಳಗಿಳಿದಾಗ ಮೀನುಗಳು. ಹಳದಿ, ನೀಲಿ, ಪಟ್ಟೆಪಟ್ಟೆಯವು. ಗಿಳಿಮೂತಿಯ ಒಂದು ಮೀನು ಬಂಡೆಯನ್ನು ಕಚ್ಚುತ್ತಿದ್ದ ಕರಕರ ಸದ್ದು ನೀರಿನೊಳಗೂ ಕೇಳುತ್ತಿತ್ತು. ಬ್ರೆಡ್ ಇಲ್ಲ, ಕರೆಯುವವರಿಲ್ಲ, ಅವು ತಮ್ಮ ಪಾಡಿಗೆ ತಮ್ಮ ಕೆಲಸ ಮಾಡಿಕೊಂಡಿದ್ದವು. ನಾವು ಅವುಗಳ ಮನೆಗೆ ಬಂದ ನೆಂಟರು, ಅಷ್ಟೆ.

ನನ್ನ ಮುಂದೆ ಚಿಕ್ಕಮ್ಮ ಹೋಗುತ್ತಿದ್ದಳು. ಕಾಲನ್ನು ಮೆಲ್ಲಗೆ ಆಡಿಸುತ್ತಾ, ಹವಳಕ್ಕೆ ಒಂದು ಮೊಳ ಮೇಲೆಯೇ, ಕೈಗಳನ್ನು ಎದೆಗೆ ಕಟ್ಟಿಕೊಂಡು. ಬಲಕ್ಕೆ ಒಂದು ಕಡಲಾಮೆ ಬಂಡೆಯ ಸಂದಿಯಿಂದ ಎದ್ದು ಬಂತು. ಎಲ್ಲರೂ ನಿಂತೆವು. ಅದು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅಣ್ಣನ ಪಕ್ಕದಲ್ಲೇ ಹಾದುಹೋಯಿತು. ಅಣ್ಣನಿಗೆ ತಡೆಯಲಾಗಲಿಲ್ಲ, ಕೈ ಚಾಚಿದ. ಚಿಕ್ಕಮ್ಮ ಎಲ್ಲಿದ್ದಳೋ, ಬಂದು ಅವನ ಕೈ ಮೇಲೆ ಒಂದು ಏಟು ಕೊಟ್ಟಳು. ನೀರಿನಲ್ಲಿ ಆ ಏಟು ನಿಧಾನವಾಗಿ ಬಿತ್ತು. ನಗು ತಡೆಯಲಾರದೆ ಭಾಯ್‌ನ ಬಾಯಿಂದ ಗುಳ್ಳೆಗಳು ಭರ್ರೆಂದು ಎದ್ದವು.

ದೋಣಿ ಹತ್ತಿದ ಮೇಲೆ ಚಿಕ್ಕಮ್ಮ ಟವೆಲ್ ಹೊದ್ದು ಕೂತು ದ್ವೀಪವನ್ನೇ ನೋಡುತ್ತಿದ್ದಳು. ಹೇಗಿತ್ತು ಎಂದು ಕೇಳಿದೆ. "ಏನಂತ ಹೇಳ್ಲೇ? ನಮ್ಮೂರಲ್ಲಿ ಹೇಳಿದ್ರೆ ಯಾರೂ ನಂಬಲ್ಲ" ಎಂದಳು. ಕಣ್ಣು ಕೆಂಪಾಗಿತ್ತು. ಉಪ್ಪು ನೀರಿನಿಂದ ಎಂದು ಅವಳೇ ಹೇಳಿಕೊಂಡಳು.

ತಿಪಟೂರಿಗೆ ಬಂದ ಮೇಲೆ ಮಂಡಿಯಲ್ಲಿ ಎಲ್ಲರೂ ಅಣ್ಣನನ್ನು ಕೇಳಿದರು: ಏನು ತಂದೆ, ಎಲ್ಲಿ ತೋರಿಸು. "ಏನೂ ತಂದಿಲ್ಲ ಕಣ್ರೀ, ಎಲ್ಲ ಅಲ್ಲೇ ಇದೆ, ಹೋಗಿ ನೋಡ್ಕಂಡು ಬನ್ನಿ" ಎಂದು ಎದೆ ಸೆಟೆಸಿ ಹೇಳುತ್ತಿದ್ದ. ಹಿಂದೆ ಸರಿದಿದ್ದ ಗೆಳೆಯರಿಬ್ಬರೂ ಮುಂದಿನ ವರ್ಷ ನಾವೂ ಬರುತ್ತೇವೆ ಎಂದರು. ನನ್ನ ಶಾಲೆಯ ಇಬ್ಬರು ಟೀಚರುಗಳೂ ಸೇರಿದರು. ಎಲ್ಲಿಗೆ ಅನ್ನುವ ಚರ್ಚೆ ಮತ್ತೆ ಗ್ಯಾರೇಜಿನಲ್ಲಿ ನಡೆಯಿತು. ಈ ಸಲ ಫೋನ್ ಹಿಡಿದವನು ಅಣ್ಣ. ಹೊಸ ಜಾಗವೊಂದಕ್ಕೆ ಮಾಡಿ ಒಂದರ ಮೇಲೊಂದು ಪ್ರಶ್ನೆ ಕೇಳಿದ. ಆ ಕಡೆಯವನು ರೇಗಿ ಫೋನ್ ಇಟ್ಟ. "ಅಲ್ಲಿಗೆ ಬ್ಯಾಡ, ಕೇಳಿದ್ದಕ್ಕೇ ಕೋಪ ಬರೋನು ಹವಳ ಏನು ನೋಡ್ಕೊಂಡಾನು" ಎಂದ. ಮತ್ತೆ ನೇತ್ರಾಣಿಯೇ ಗಟ್ಟಿಯಾಯಿತು.

ಆ ಎರಡನೇ ಪ್ರಯಾಣದಲ್ಲಿ ನಮ್ಮ ದೋಣಿಯಲ್ಲಿ ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರ ಒಂದು ಗುಂಪೂ ಇತ್ತು. ಕ್ಯಾಮೆರಾ, ಗದ್ದಲ, ಕೂಗಾಟ. ಹೋದ ಸಲದ ತರಬೇತುದಾರನೇ ನೀರಿಗಿಳಿಯುವ ಮುಂಚಿನ ಸೂಚನೆ ಕೊಡಬೇಕಿತ್ತು. ಅವನು ಹಾಗೆ ಮಾಡದೆ ಚಿಕ್ಕಮ್ಮನ ಕಡೆ ಕೈ ತೋರಿಸಿದ. "ಇವತ್ತು ನಿಯಮ ಹೇಳೂದು ಅಮ್ಮ."

ಅವಳು ಕಪ್ಪು ಸೂಟಿನಲ್ಲಿ, ಹಣೆಯಲ್ಲಿ ಕುಂಕುಮ ಇಟ್ಟುಕೊಂಡು, ಅಲುಗುವ ದೋಣಿಯಲ್ಲಿ ಕಂಬ ಹಿಡಿದು ಎದ್ದು ನಿಂತಳು. ಹುಡುಗರು ಮಾತು ನಿಲ್ಲಿಸಿದರು.

"ನೋಡ್ರಪ್ಪಾ, ಕೆಳಗಡೆ ಇರೋದು ಕಲ್ಲಲ್ಲ, ಜೀವ. ಕಾಲಿಡಬೇಡಿ, ಕೈಯಿಡಬೇಡಿ. ಕೈ ಸುಮ್ನಿರಲ್ಲ ಅನ್ನೋರು ನನ್ನಂಗೆ ಎದೆಗೆ ಕಟ್ಕೊಳಿ. ಮೀನು ಹತ್ರ ಬಂದ್ರೆ ನಿಮ್ಮ ಪುಣ್ಯ, ಬರ್ದಿದ್ರೆ ಅದರ ಇಷ್ಟ. ಬೆನ್ನತ್ತಬೇಡಿ." ಆಮೇಲೆ ಅಣ್ಣನ ಕಡೆ ನೋಡಿ, "ಮುಟ್ಟಿದೋರಿಗೆ ಏಟು ಬೀಳ್ತದೆ, ಇವನನ್ನ ಕೇಳಿ" ಎಂದಳು.

ದೋಣಿಯೆಲ್ಲ ನಕ್ಕಿತು. ಒಬ್ಬಳು ಹುಡುಗಿ ನನ್ನ ಕಡೆ ಬಾಗಿ, "ಅವರು ಯಾರು ಆಂಟಿ?" ಎಂದು ಮೆಲ್ಲಗೆ ಕೇಳಿದಳು.

"ನಮ್ಮ ಚಿಕ್ಕಮ್ಮ" ಎಂದೆ. ಹೇಳುವಾಗ ನನ್ನ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಇತ್ತು.