ಬ್ಯಾರಲ್ಲಿನಲ್ಲಿ ಅದ್ದಿದ ಬನಿಯನ್

ಈಗ ನನಗೆ ಹತ್ತೊಂಬತ್ತು. ದೊಡ್ಡವರು ನೆನಪು ಬರೆಯಲು ಅರವತ್ತಾಗುವ ತನಕ ಕಾಯುತ್ತಾರೆ. ಅಷ್ಟರಲ್ಲಿ ಅರ್ಧ ಮರೆತಿರುತ್ತದೆ, ಉಳಿದ ಅರ್ಧಕ್ಕೆ ಸಾಕ್ಷಿ ಹೇಳುವವರು ಇರುವುದಿಲ್ಲ. ನನ್ನ ಸಾಕ್ಷಿಗಳೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಅವರಲ್ಲಿ ನಾಲ್ವರ ಬಟ್ಟೆಯ ಮೇಲಿನ ನನ್ನ ಕೈಗುರುತು ಎಷ್ಟು ಒಗೆದರೂ ಹೋಗಿಲ್ಲವಂತೆ. ಹಾಗಾಗಿ ಈಗಲೇ ಬರೆಯುತ್ತಿದ್ದೇನೆ.

ನಮ್ಮ ವಿಶ್ವವಿದ್ಯಾಲಯದ ಆಟಗಾರರ ಬಣ್ಣ ನೀಲಿ. ಕಬಡ್ಡಿ ಇರಲಿ, ಖೋಖೋ ಇರಲಿ, ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವನನ್ನು ‘ಯುನಿವರ್ಸಿಟಿ ಬ್ಲೂ’ ಎನ್ನುತ್ತಾರೆ. ಅಥಣಿ ಕಡೆ ಈ ಮಾತಿಗೆ ಡಾಕ್ಟರು, ವಕೀಲರಿಗಿಂತ ಒಂದು ಕೈ ಹೆಚ್ಚೇ ಮರ್ಯಾದೆ. ಪಕ್ಕದ ಊರಿನವರೊಬ್ಬರು ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರಿನ ಮುಂದೆ ಅದನ್ನೇ ಅಚ್ಚು ಹಾಕಿಸಿದ್ದರು. ಸಾಲದ್ದಕ್ಕೆ ಮೇ ತಿಂಗಳ ಬಿಸಿಲಲ್ಲಿ, ಅಂಥ ಆಟಗಾರರಿಗೆ ಕೊಡುವ ನೀಲಿ ಕೋಟು ತೊಟ್ಟೇ ತಾಳಿ ಕಟ್ಟಿದರು. ತಲೆಯ ಮೇಲೆ ಬಿದ್ದ ಅಕ್ಕಿಕಾಳು ಅವರ ಬೆವರಿನಲ್ಲಿ ಬೆಂದು ಅನ್ನವಾಯಿತು ಎಂದರೆ ಯಾರೂ ನಂಬುವುದಿಲ್ಲ. ಅರ್ಧ ಬೆಂದಿತ್ತು ಅನ್ನಿ.

ಯಾರೂ ನಂಬುವುದಿಲ್ಲ ಎನ್ನುವುದೇ ನನ್ನ ದೊಡ್ಡ ತೊಂದರೆ. ಕೃಷ್ಣಾ ನದಿಯನ್ನು ಈಜಿ ದಾಟಿದೆ ಎಂದು ಒಮ್ಮೆ ಹೇಳಿದ್ದಕ್ಕೆ ಗೆಳೆಯರು, “ಬ್ಯಾಸಗ್ಯಾಗೇನಲೇ?” ಎಂದು ಕೇಳಿದರು. ಬೇಸಿಗೆಯಲ್ಲಿ ಕೃಷ್ಣೆಯ ನೀರು ಎಮ್ಮೆಯ ಮೊಣಕಾಲಿಗೂ ಬರುವುದಿಲ್ಲ. ಬೇಸಿಗೆಯಲ್ಲೇ ದಾಟಿದ್ದೆ, ಆ ಮಾತು ಬೇರೆ.

ಹೋದ ವರ್ಷ ನಾನು ಬಿ.ಎ. ಮೊದಲ ವರ್ಷದಲ್ಲಿದ್ದೆ. ನಮ್ಮದು ದ್ರಾಕ್ಷಿ ತೋಟ. ದ್ರಾಕ್ಷಿ ಬಳ್ಳಿಗೆ ನೆಗಡಿ ಬಂದರೂ ಔಷಧ ಹೊಡೆಯಬೇಕು, ನೆಗಡಿ ಬಾರದಿದ್ದರೆ ಬಾರದಿರಲೆಂದು ಹೊಡೆಯಬೇಕು. ಅಪ್ಪನಿಗೆ ಔಷಧದ ಪಂಪು ಹೊರಲು ಒಂದು ಹೆಗಲು ಬೇಕಾಗಿತ್ತು, ಆ ಹೆಗಲು ಕಾಲೇಜಿನ ಅಂಗಳದಲ್ಲಿ ಕಬಡ್ಡಿ ಆಡುತ್ತಿತ್ತು. ಅಕ್ಟೋಬರ್ ಛಾಟಣಿ, ಅಂದರೆ ಬಳ್ಳಿ ಸವರುವ ಕೆಲಸ ಮುಗಿದ ದಿನ ಅಪ್ಪ ಊಟಕ್ಕೆ ಕುಳಿತಾಗ ತೀರ್ಪು ಕೊಟ್ಟ.

“ನೋಡಲೇ, ಯುನಿವರ್ಸಿಟಿ ಟೀಮಿನ್ಯಾಗ ನಿನ್ನ ಹೆಸರ ಬಂತಂದ್ರ ಕಾಲೇಜ ಕಲಿ. ಬರಲಿಲ್ಲಂದ್ರ ಸೋಮವಾರದಿಂದ ಪಂಪ ನಿನ್ನ ಹೆಗಲಿಗೆ. ಕಾಲೇಜ ಬಂದ್.”

“ಬಂದೇ ಬರ್ತೈತಿ ಅಪ್ಪಾ. ಆರಿಸೋ ಸಾಹೇಬರು ನನ್ನ ಹೆಸರ ಮೊದಲ ಬರದ ಆಮ್ಯಾಲ ಉಳದವ್ರನ್ನ ಹುಡುಕಾಕತ್ಯಾರಂತ.”

ಅಪ್ಪ ಅವ್ವನ ಕಡೆ ತಿರುಗಿ, “ಪಂಪಿನ ಪಟ್ಟಿ ಹೊಲಿಸಿ ಇಡು” ಎಂದ.

ಆಯ್ಕೆ ಚಿಕ್ಕೋಡಿಯ ಮೈದಾನದಲ್ಲಿ, ಭಾನುವಾರ. ಆಯ್ಕೆಗೆ ಕರೆದವರ ಹೆಸರು ಕಾಲೇಜಿನ ನೋಟಿಸ್ ಬೋರ್ಡಿಗೆ ಬಂದಿತ್ತು. ನಾನು ಅದರಲ್ಲಿ ನನ್ನ ಹೆಸರನ್ನಷ್ಟೇ ಓದಿದೆ. ಆಮೇಲೆ ಮೂರು ದಿನ ಅದನ್ನು ಊರಿಗೆಲ್ಲ ಓದಿ ಹೇಳಿದೆ. ಶನಿವಾರ ಮಧ್ಯಾಹ್ನ ಗೆಳೆಯನೊಬ್ಬ, “ಬನಿಯನ್ ತಗೊಂಡಿಯೇನು?” ಎಂದಾಗಲೇ ನೋಟಿಸಿಗೆ ಕೊನೆಯ ಸಾಲು ಎಂಬುದೊಂದು ಇದೆ ಎಂದು ಗೊತ್ತಾಗಿದ್ದು. ಪ್ರತಿಯೊಬ್ಬರೂ ಒಂದು ಬಿಳಿ, ಒಂದು ನೀಲಿ ಬನಿಯನ್ ತರಬೇಕು. ನೀಲಿ ಇಲ್ಲದವರಿಗೆ ಪ್ರವೇಶವಿಲ್ಲ.

ಅಥಣಿಯ ಅಂಗಡಿಗಳನ್ನೆಲ್ಲ ಸುತ್ತಿದೆ. ಕೆಂಪು ಇತ್ತು, ಹಸಿರು ಇತ್ತು, ಅರಿಶಿನದಲ್ಲಿ ಉರುಳಾಡಿದಂಥ ಹಳದಿಯೂ ಇತ್ತು. ನೀಲಿ ಒಂದೇ ಒಂದಿತ್ತು, ಅದು ಆರು ವರ್ಷದ ಹುಡುಗನ ಅಳತೆಯದು. ಅಂಗಡಿಯವರು ಬಿಡಲಿಲ್ಲ, “ಹಿಗ್ಗತೈತಿ ತಮ್ಮಾ, ಹಾಕ್ಕೊಂಡ ನೋಡು” ಎಂದು ಒತ್ತಾಯ ಮಾಡಿದರು. ತಲೆ ಒಳಗೆ ಹೋಯಿತು. ವಾಪಸು ಬರಲು ಇಬ್ಬರು ಎಳೆಯಬೇಕಾಯಿತು.

ಸಪ್ಪಗೆ ತೋಟಕ್ಕೆ ಬಂದರೆ ಅಪ್ಪ ಬಾವಿಯ ಹತ್ತಿರ ಔಷಧ ಕಲಸುತ್ತಿದ್ದ. ದ್ರಾಕ್ಷಿ ಬೆಳೆಯುವವರಿಗೆ ಇದು ಗೊತ್ತು: ಮೋರಚೂದ ಎನ್ನುವ ಮೈಲುತುತ್ತದ ನೀರಿಗೆ ಸುಣ್ಣದ ತಿಳಿ ಕೂಡಿಸಿದರೆ ಬ್ಯಾರಲ್ಲಿನ ತುಂಬ ಆಕಾಶ ಇಳಿದಂಥ ನೀಲಿ ಬರುತ್ತದೆ. ನಮ್ಮ ಕಡೆ ಔಷಧ ಹೊಡೆಯುವವರ ಅಂಗಿ, ಧೋತರ, ಹುಬ್ಬು ಎಲ್ಲ ಅದೇ ಬಣ್ಣ. ನಾನು ಆ ಬ್ಯಾರಲ್ಲನ್ನು ನೋಡಿದೆ, ನೀಲಿ ಸಿಗದೆ ಕೊಂಡು ತಂದಿದ್ದ ಎರಡನೆಯ ಬಿಳಿ ಬನಿಯನ್ನನ್ನು ನೋಡಿದೆ. ಅಪ್ಪ ಬೀಡಿ ಹಚ್ಚಲು ಆ ಕಡೆ ತಿರುಗಿದ್ದೇ ತಡ, ಬನಿಯನ್ ಮುಳುಗಿಸಿಬಿಟ್ಟೆ.

“ಏನ ಮಾಡಾಕತ್ತೀಯೋ?”

“ಯುನಿವರ್ಸಿಟಿ ಬಣ್ಣ ಅಪ್ಪಾ.”

ಅಪ್ಪ ಬಗ್ಗಿ ನೋಡಿದ. “ಇನ್ನೊಂದ ಸಲ ಅದ್ದು. ಬಳ್ಳಿಗೂ ಎರಡ ಕೈ ಹೊಡದ್ರನ ಹತ್ತೂದು” ಎಂದ. ನನ್ನ ಹೆಗಲಿಗಾಗಿ ಕಾಯುತ್ತಿದ್ದ ಮನುಷ್ಯ ಇಷ್ಟು ಸಹಾಯ ಮಾಡಿದ್ದು ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಬಣ್ಣ ಅಂದರೆ ಅವನಿಗೆ ಕೆಲಸ, ಕೆಲಸ ಅರ್ಧಕ್ಕೆ ಬಿಟ್ಟರೆ ಅವನಿಗಾಗದು.

ಭಾನುವಾರ ಬೆಳಿಗ್ಗೆ ಅದನ್ನೇ ತೊಟ್ಟು ಹೊರಟೆ. ಹಾರೂಗೇರಿಯಲ್ಲಿ ಬಸ್ಸು ಬದಲಿಸಿದೆ. ಕಬ್ಬೂರಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ನನ್ನ ಪಕ್ಕದಲ್ಲಿ ಕೂರಲು ಬಂದು, ಮೂಸಿ ನೋಡಿ, ಹಿಂದೆ ಸರಿದಳು.

“ಯಾರ ತ್ವಾಟಕ್ಕ ಹೊಂಟೀಯೋ ತಮ್ಮಾ, ಔಷಧ ಹೊಡ್ಯಾಕ?”

“ಇಲ್ಲಬೇ ಅಜ್ಜಿ, ಇದು ಯುನಿವರ್ಸಿಟಿ ಡ್ರೆಸ್.”

“ಹಂಗ? ನಮ್ಮ ಗಡಿಯೂ ದಿನಾ ಯುನಿವರ್ಸಿಟಿಗೆ ಹೋಗಿ ಬರ್ತೈತಿ ಹಂಗಾರ” ಎಂದಳು. ಗಡಿ ಎಂದರೆ ಕೂಲಿಯಾಳು. ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ನಕ್ಕ ನಗೆಗೆ ಸೀಟಿ ಬಾಯಿಂದ ಬಿದ್ದು, ಬಸ್ಸು ಎರಡು ನಿಲ್ದಾಣ ನಿಲ್ಲದೇ ಹೋಯಿತು.

ಮೈದಾನದಲ್ಲಿ ಉಳಿದವರ ನೀಲಿಯೆಲ್ಲ ಶಾಯಿಯಂಥ ಗಾಢ ನೀಲಿ. ಅವರ ನಡುವೆ ನಾನು ದೀಪಾವಳಿಗೆ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತಿದ್ದೆ. ಆಯ್ಕೆ ಮಾಡುವ ಮೂವರು ಸಾಹೇಬರಲ್ಲಿ ಹಿರಿಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ಇದ್ಯಾವ ನೀಲಿನೋ?”

“ಯುನಿವರ್ಸಿಟಿ ನೀಲೀನ ರೀ ಸರ್. ಅಥಣಿ ಬಿಸಲಿಗೆ ಸ್ವಲ್ಪ ಹಾರೇತ್ರಿ.”

ಅವರು ನನ್ನನ್ನು ಹೊರಗೆ ಹಾಕಲಿಲ್ಲ. ಆದರೆ ನೀಲಿ ತಂಡದ ಕೊನೆಯ ಬದಲಿ ಆಟಗಾರನನ್ನಾಗಿ ಕಲ್ಲಿನ ಮೇಲೆ ಕೂರಿಸಿದರು. ಎದುರಿಗೆ, ಆಯ್ಕೆಗೆ ಬಂದ ಉಳಿದವರ ಬಿಳಿ ತಂಡ. ಆಟ ನಡೆಯಿತು, ನಾನು ಕುಳಿತೇ ಇದ್ದೆ. ಬಿಸಿಲು ಏರಿತು. ಸೋಮವಾರ, ಪಂಪು, ಅವ್ವ ಹೊಲಿಸಿಟ್ಟ ಪಟ್ಟಿ ಕಣ್ಣ ಮುಂದೆ ಬಂದು ಮೈಯೆಲ್ಲ ಬೆವರಿತು. ಅಂಗೈಯನ್ನು ಮತ್ತೆ ಮತ್ತೆ ಬನಿಯನ್ನಿಗೆ ಒರೆಸಿಕೊಂಡೆ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಇದ್ದಾಗ ನಮ್ಮವನೊಬ್ಬನ ಕಾಲು ಉಳುಕಿತು. “ಏ ಆಕಾಶ, ಏಳು” ಎಂದರು ಹಿರಿಯ ಸಾಹೇಬರು, ನನ್ನ ಬನಿಯನ್ನಿನ ಬಣ್ಣ ನೋಡಿ. ನನಗೆ ಸಿಕ್ಕಿದ್ದು ಒಂದೇ ಒಂದು ರೇಡು.

ಉಸಿರು ಹಿಡಿದು “ಕಬಡ್ಡಿ ಕಬಡ್ಡಿ” ಎನ್ನುತ್ತ ನುಗ್ಗಿದೆ. ಗೆರೆ ದಾಟಿದಾಗ ನೆಲ ನಡುಗಿತು ಎಂದು ಬರೆಯುವ ಆಸೆ ಇದೆ. ನಡುಗಿದ್ದು ನನ್ನ ತೊಡೆ. ಒಬ್ಬನ ಭುಜಕ್ಕೆ ಕೈ ತಾಗಿಸಿದೆ. ಇನ್ನೊಬ್ಬ ಕಾಲು ಹಿಡಿಯಲು ಬಂದ, ಅವನ ಬೆನ್ನು ತಟ್ಟಿ ಜಿಗಿದೆ. ಮೂರನೆಯವನ ಎದೆಗೆ ಕೈ ಕೊಟ್ಟು ತಳ್ಳಿ, ಗುಂಪಿನ ಸಂದಿಯಲ್ಲಿ ತೂರಿ, ಹೊಟ್ಟೆಯ ಮೇಲೆ ಜಾರುತ್ತ ನಡುಗೆರೆ ಮುಟ್ಟಿದೆ. ಧೂಳೆದ್ದು ಪಂಚರಿಗೆ, ಅಂದರೆ ಆಟದ ತೀರ್ಪುಗಾರರಿಗೆ, ಏನೂ ಕಾಣಲಿಲ್ಲ.

“ಎಷ್ಟ ಮಂದಿನ್ನ ಮುಟ್ಟಿದಿ?” ಪಂಚರು ಕೇಳಿದರು.

“ಮೂರ ಮಂದಿ ರೀ ಸರ್!”

“ಸುಳ್ಳ ರೀ ಸರ್! ಒಬ್ಬರನ್ನೂ ಮುಟ್ಟಿಲ್ಲ!” ಬಿಳಿ ತಂಡ ಒಂದೇ ಬಾಯಲ್ಲಿ ಕೂಗಿತು.

ನನ್ನ ಕಾಲೇಜಿನ ಆಟದ ಮಾಸ್ತರು ಗೆರೆಯ ಹೊರಗೆ ನಿಂತಿದ್ದರು. ನನ್ನ ಪರ ಮಾತಾಡುತ್ತಾರೆಂದು ಆಸೆಯಿಂದ ನೋಡಿದೆ. ಅವರು ಕೈ ಮುಗಿದು, “ಸರ್, ಈ ಹುಡುಗ ಮೂರ ಅಂದ್ರ ಒಂದ ಅಂತ ತಿಳ್ಕೋರಿ. ಕೃಷ್ಣಾ ಹೊಳಿ ಈಜಾಂವ ಇಂವ” ಎಂದರು.

ಎಲ್ಲರೂ ನಕ್ಕರು. ಇಷ್ಟು ವರ್ಷ ಹೇಳಿದ ಸುಳ್ಳೆಲ್ಲ ಸಾಲಾಗಿ ಬಂದು ನನ್ನ ಒಂದೇ ಒಂದು ನಿಜದ ಕುತ್ತಿಗೆ ಹಿಡಿದಿದ್ದವು. ಹೆಗಲು ಆಗಲೇ ಪಂಪಿನ ಭಾರಕ್ಕೆ ನೋಯತೊಡಗಿತ್ತು.

ಆಗ ಹಿರಿಯ ಸಾಹೇಬರು ಎದ್ದು ಮೈದಾನಕ್ಕೆ ಬಂದರು. ಬಿಳಿ ತಂಡದ ಒಬ್ಬನ ಭುಜವನ್ನು ಬೆರಳಿನಿಂದ ಒರೆಸಿ ನೋಡಿದರು. ಬೆರಳು ನೀಲಿ.

“ಸಾಲಿಗೆ ನಿಂದರ್ರಿ ಎಲ್ಲಾರೂ” ಎಂದರು.

ನಿಂತರು. ಒಬ್ಬನ ಭುಜದ ಮೇಲೆ ನನ್ನ ಅಂಗೈ, ರೇಖೆ ಸಮೇತ. ಎರಡನೆಯವನ ಬೆನ್ನ ಮೇಲೆ ಐದು ಬೆರಳು. ಮೂರನೆಯವನ ಎದೆಯ ಮೇಲೆ ಅರ್ಧ ಹಸ್ತ. ನನ್ನ ನೀಲಿ ಬೆವರಿಗೆ ಕರಗಿ ಕೈಗೆ ಬಂದು, ಕೈಯಿಂದ ಅವರಿಗೆ ದಾಟಿತ್ತು.

“ಮೂರು. ಹುಡುಗ ಖರೇ ಹೇಳ್ಯಾನ” ಎಂದರು ಪಂಚರು.

ಅಷ್ಟರಲ್ಲಿ ಬಿಳಿ ತಂಡದ ನಾಯಕ, ಆರಡಿಯ ಆಸಾಮಿ, ಎಲ್ಲರಿಗಿಂತ ಜೋರಾಗಿ ಕೂಗಿದವನು, ಸಿಟ್ಟಿನಿಂದ ಬೆನ್ನು ತಿರುಗಿಸಿ ನಡೆದ. ಅವನ ಬಿಳಿ ಚಡ್ಡಿಯ ಹಿಂಭಾಗದಲ್ಲಿ ನನ್ನ ಬಲಗೈ ಅಚ್ಚುಕಟ್ಟಾಗಿ ಮೂಡಿತ್ತು. ಗುಂಪಿನಲ್ಲಿ ತೂರುವಾಗ ಯಾವಾಗ ತಾಗಿತೋ, ನನಗೇ ಗೊತ್ತಿರಲಿಲ್ಲ.

“ನಾಕು!” ಎಂದು ಜನ ಎದ್ದು ಕುಣಿದರು. ಚಿಕ್ಕೋಡಿಯ ಆ ಗದ್ದಲಕ್ಕೆ ನಿಪ್ಪಾಣಿಯಲ್ಲಿ ಮಲಗಿದ್ದ ನಾಯಿಗಳು ಎದ್ದು ಬೊಗಳಿದವು. ಇದಕ್ಕೆ ಸಾಕ್ಷಿ ಇಲ್ಲ.

ಹಿರಿಯ ಸಾಹೇಬರು ನನ್ನ ಮಾಸ್ತರ ಕಡೆ ತಿರುಗಿ, “ಈ ಹುಡುಗ ಹೆಚ್ಚ ಹೇಳ್ತಾನಂದ್ರಿ. ಒಂದ ಕಡಿಮೀನ ಹೇಳ್ಯಾನಲ್ರೀ” ಎಂದರು. ಹುಟ್ಟಿದ ಮೇಲೆ ನಾನು ಇದ್ದುದಕ್ಕಿಂತ ಕಡಿಮೆ ಹೇಳಿದ್ದು ಅದೊಂದೇ ಸಲ. ಸಂಜೆ ಓದಿದ ಹನ್ನೆರಡು ಹೆಸರುಗಳಲ್ಲಿ ನನ್ನದು ಹನ್ನೆರಡನೆಯದು. ಕೆಳಗಿನಿಂದ ಓದಿದರೆ ಮೊದಲನೆಯದು.

ಮನೆಯಲ್ಲಿ ಅವ್ವ ಕಡಲೆಹಿಟ್ಟು ಹಚ್ಚಿ ನನ್ನ ಎದೆಯ ನೀಲಿಯನ್ನು ತಿಕ್ಕಿದಳು, ಚರ್ಮ ಬಂತು, ಬಣ್ಣ ಬರಲಿಲ್ಲ. ಅಪ್ಪ ಹೋಗಿ ಹೊಸ ಪಟ್ಟಿ ಕಟ್ಟಿದ ಪಂಪನ್ನು ತನ್ನ ಹೆಗಲಿಗೇ ಏರಿಸಿಕೊಂಡ.

ತಿಂಗಳ ಮೇಲೆ ವಿಶ್ವವಿದ್ಯಾಲಯದ ನಿಜವಾದ ಬನಿಯನ್ ಕೈಗೆ ಬಂತು. ಅಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿದ. “ಇದ ನೀಲಿ ಏನಲೇ? ಕರ್ರಗೈತಿ. ನೀಲಿ ಅಂದ್ರ ನಮ್ಮ ಬ್ಯಾರಲ್” ಎಂದು ತಿರುಗಿ ಕೊಟ್ಟ.

ನನ್ನ ಹಳೆಯದನ್ನು ಈಗ ಅವನೇ ತೊಟ್ಟು ಔಷಧ ಹೊಡೆಯುತ್ತಾನೆ. ದಾರಿಯಲ್ಲಿ ಹೋಗುವವರನ್ನು ಬೇಲಿಯ ಹತ್ತಿರ ಕರೆದು ನಿಲ್ಲಿಸುತ್ತಾನೆ.

“ಈ ಬನಿಯನ್ ನೋಡ್ರಿಲ್ಲೆ. ಇದನ್ನ ಹಾಕ್ಕೊಂಡ ನಮ್ಮ ಹುಡುಗ ಒಂದ ದಮ್ಮಿಗೆ ಆರ ಮಂದಿನ್ನ ಔಟ್ ಮಾಡ್ಯಾನ!”

ಕಾಗವಾಡದಿಂದ ಬಂದ ಮಾವ ತನ್ನೂರಲ್ಲಿ ಏಳು ಮಂದಿ ಎಂದು ಕೇಳಿದ್ದನಂತೆ. ಎದುರಾಳಿ ತಂಡದಲ್ಲಿ ಇರುವುದೇ ಏಳು ಮಂದಿ. ನಾನು ಯಾರನ್ನೂ ತಿದ್ದುವುದಿಲ್ಲ. ಹಿರಿಯರ ಮಾತಿಗೆ ಎದುರಾಡುವ ಹುಡುಗ ನಾನಲ್ಲ.