ಜಗದೇವಿಯ ಹೋಳಿಗೆ ಕೇಕು

ನಮ್ಮ ಉಮರ್ಗಾದ ಮಂದಿಗೆ ಕೇಕ್ ಎಂದರೆ ಕೋಳಿಯ ತತ್ತಿ, ಅಷ್ಟೇ. ಅದರಲ್ಲೂ ಜಂಗಮರ ಮನೆಗೆ ಓವನ್ ಬಂದಿದೆ ಎಂದರೆ ಊರಿಗೆ ಇನ್ನೇನು ಬೇಕು! ಪಕ್ಕದ ಮನೆಯ ಜಗದೇವಿ ತತ್ತಿಯ ಬದಲು ಮೊಸರು ಹಾಕಿ ಕೇಕ್ ಮಾಡುತ್ತಾಳೆಂದು ನಾನು ಎಷ್ಟು ಜನರಿಗೆ ಹೇಳಿಲ್ಲ? ಎದುರಿಗೆ ಹೌದು ಹೌದು ಎಂದು ತಲೆಯಾಡಿಸುತ್ತಾರೆ, ಬೆನ್ನು ತಿರುಗಿಸಿದರೆ ಕಿಸಕ್ಕನೆ ನಗುತ್ತಾರೆ. ಇಂಥವರ ಬಾಯಿಗೆ ಬೀಗ ಜಡಿಯಬೇಕು.

ಜಗದೇವಿಯ ಗಂಡ ಸಂಗಯ್ಯ ಸುತ್ತಲಿನ ಮನೆಗಳಿಗೆ ಪೂಜೆಗೆ ಹೋಗುವ ಅಯ್ಯ. ತತ್ತಿಯ ಮಾತು ಹಬ್ಬಿದ ಮೇಲೆ ಎರಡು ಮನೆಯವರು ಅವನನ್ನು ಕರೆಯುವುದು ಬಿಟ್ಟರು. ಇನ್ನೊಂದು ಮನೆ ತಪ್ಪಿದರೆ ಓವನ್ ಮಾರಿಬಿಡುವುದೆಂದು ಅವನು ಹೇಳಿಯೇಬಿಟ್ಟ. ನಲವತ್ತೈದರ ವಯಸ್ಸಿಗೆ ಅವಳು ತನ್ನದೆಂದು ಮಾಡಿಕೊಂಡ ಕೆಲಸ ಅದೊಂದೇ.

ಅಂಥ ಹೊತ್ತಿನಲ್ಲಿ ಪಕ್ಕದೂರು ತುರೋರಿಯ ಕಲ್ಯಾಣಪ್ಪನ ಹೆಂಡತಿ ಸರುಬಾಯಿ ಬಂದಳು. ಎಳ್ಳ ಅಮಾವಾಸ್ಯೆಗೆ ಅವರ ಹೊಲದಲ್ಲಿ ಊರರ್ಧ ಊಟಕ್ಕೆ ಸೇರುತ್ತದೆ.

"ಅಮ್ಮನೋರೆ, ಈ ಸಲ ಹೊಲಕ್ಕ ನಿಮ್ಮ ಕೇಕ್ ಬೇಕ್ರಿ. ಆದ್ರ ಹೋಳಿಗಿ ಇಲ್ದ ಹಬ್ಬ ಆಗಂಗಿಲ್ಲ ನೋಡ್ರಿ."

"ಎರಡೂ ಕೂಡಿಸೇ ಮಾಡ್ತೀನಿ ತಗೋರಿ," ಎಂದಳು ಜಗದೇವಿ.

ಹೇಳಿದಷ್ಟು ಸುಲಭವಿರಲಿಲ್ಲ. ಮೊದಲನೆಯದರಲ್ಲಿ ಶೇಂಗಾ ಹೋಳಿಗೆ ಒಡೆದು ಹೂರಣ ಸೋರಿತು. ಎರಡನೆಯದರಲ್ಲಿ ಹೋಳಿಗೆಯ ಸುತ್ತ ಕೇಕ್ ಹಸಿಯಾಗಿಯೇ ಉಳಿಯಿತು. ಎರಡನ್ನೂ ತಿಂದು ಮುಗಿಸಿದವಳು ನಾನು. ಕೊನೆಗೆ ಹೋಳಿಗೆಯನ್ನು ಹಂಚಿನ ಮೇಲೆ ಗಟ್ಟಿಯಾಗಿ ಬೇಯಿಸಿ, ಪೂರ್ತಿ ಆರಿಸಿ, ಎರಡೂ ಬದಿಗೆ ಒಣಹಿಟ್ಟು ಸವರಿದಳು. ಕೇಕಿನ ಹಿಟ್ಟು, ಅದರ ಮೇಲೆ ಹೋಳಿಗೆ, ಮತ್ತೆ ಹಿಟ್ಟು, ಮತ್ತೆ ಹೋಳಿಗೆ, ಮೇಲೊಂದು ಪದರ ಹಿಟ್ಟು. ಆದರೆ ಮೂರನೆಯದನ್ನು ಚೂರೂ ರುಚಿ ನೋಡುವಂತಿರಲಿಲ್ಲ, ಅದು ನೈವೇದ್ಯದ್ದು.

ಅಮಾವಾಸ್ಯೆಯ ದಿನ ಹೊಲದಲ್ಲಿ ಜೋಳದ ದಂಟಿನ ಪುಟ್ಟ ಗುಡಿಸಲಿನಂಥ ಕೊಪ್ಪಿಯೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ದೇವರೆಂದು ಇಟ್ಟಿದ್ದರು. ಸಂಗಯ್ಯ ಪೂಜೆಗೆ ಕುಳಿತಿದ್ದ. ಜಗದೇವಿ ಕೇಕಿನ ತಾಟು ತಂದಳು. ಕಲ್ಯಾಣಪ್ಪ ಕೈ ಅಡ್ಡ ಹಿಡಿದ.

"ತಪ್ಪ ತಿಳಕೋಬ್ಯಾಡ್ರಿ ಅಯ್ಯನೋರೆ. ಮಂದಿ ಒಂದೊಂದು ಮಾತಾಡ್ತಾರ. ಇದರಾಗ ತತ್ತಿ ಇಲ್ಲಂತ ನೀವು ಲಿಂಗ ಮುಟ್ಟಿ ಹೇಳ್ರಿ, ಸಾಕು."

ಹಿಂದಿನ ದಿನ ಆ ಕೇಕಿಗೆ ಮೊಸರು ತಂದುಕೊಟ್ಟವನೇ ಸಂಗಯ್ಯ! ನಾನೇ ಕಣ್ಣಾರೆ ನೋಡಿದ್ದೆ. ಅವನು ನೆಲ ನೋಡುತ್ತ ಹೇಳಿದ:

"ನಾ ಒಲಿ ಕಡಿ ಹೋಗಂಗಿಲ್ರಿ. ಆಕಿ ಏನ್ ಹಾಕ್ಯಾಳೋ, ನನಗ ಗೊತ್ತಿಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ಮನೆ ತಪ್ಪೀತೆಂಬ ಹೆದರಿಕೆಗೆ ಹೆಂಡತಿಯನ್ನು ನಾಲ್ಕು ಮಂದಿಯ ನಡುವೆ ಕೈಬಿಟ್ಟ ಹೇಡಿ! ನಾನು ಬಾಯಿ ತೆರೆಯುವಷ್ಟರಲ್ಲಿ ಜಗದೇವಿ ತಾಟು ಕೆಳಗಿಟ್ಟು, ಸೆರಗಿನೊಳಗಿನಿಂದ ತನ್ನ ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು.

"ಲಿಂಗ ಬರೇ ಗಂಡಸರ ಕೊಳ್ಳಾಗ ಅದ ಏನ್ರಿ ಕಲ್ಯಾಣಪ್ಪ? ಮಾಡಿದಾಕಿ ನಾ. ಕೇಳೂದಿದ್ರ ನನ್ನ ಕೇಳ್ರಿ. ತತ್ತಿ ಹಾಕಿಲ್ಲ."

ಕಲ್ಯಾಣಪ್ಪನ ಕೈ ತಾನಾಗಿ ಕೆಳಗಿಳಿಯಿತು. ಸರುಬಾಯಿ ಗಂಡನನ್ನು ದುರುಗುಟ್ಟಿ ನೋಡಿ, ತಾನೇ ತಾಟನ್ನೆತ್ತಿ ಕಲ್ಲುಗಳ ಮುಂದಿಟ್ಟಳು.

ಪೂಜೆ ಮುಗಿದು ಪಂಕ್ತಿ ಕುಳಿತಿತು. ಅಯ್ಯನ ತಾಟು ತುಂಬುವ ತನಕ ಯಾರೂ ತುತ್ತು ಎತ್ತಬಾರದು, ಅದು ಆ ಮನೆಯ ಪದ್ಧತಿ. ಜಗದೇವಿ ಕೇಕ್ ಕೊಯ್ದು ತಂದಳು. ಹೋಳಿನಲ್ಲಿ ಎರಡು ಹೋಳಿಗೆಗಳು ಹೂರಣ ಸಮೇತ ಎದ್ದು ಕಾಣುತ್ತಿದ್ದವು. ಸಂಗಯ್ಯ ತಾಟು ಮುಂದೆ ಚಾಚಿದ. ಅವಳು ಅವನನ್ನು ದಾಟಿ ಹೋಗಿ ಮೊದಲ ಹೋಳನ್ನು ಸರುಬಾಯಿಯ ತಾಟಿಗೆ ಹಾಕಿದಳು.

"ನನಗ?" ಎಂದ ಸಂಗಯ್ಯ.

"ಇದರಾಗ ಏನದ ಅಂತ ನಿಮಗ ಗೊತ್ತಿಲ್ಲಲ್ರಿ," ಎಂದಳು ಜಗದೇವಿ, ಇಡೀ ಪಂಕ್ತಿಗೆ ಕೇಳುವಂತೆ. "ಗೊತ್ತಿಲ್ದದ್ದು ಅಯ್ಯನೋರು ತಿನಬಾರದು."

ಸರುಬಾಯಿ ಹೋಳು ಮುರಿದು ಬಾಯಿಗಿಟ್ಟಳು. ಆಮೇಲೆ ಅಯ್ಯನ ತಾಟು ತುಂಬಲೆಂದು ಯಾರೂ ಕಾಯಲಿಲ್ಲ.