ಹಿರಿಯ ಅಳಿಯನ ಪಟ್ಟ

ಹಬ್ಬದೂಟದ ಪಂಕ್ತಿಯಲ್ಲಿ ಹೋಳಿಗೆಯ ಮೇಲಿನ ತುಪ್ಪ ಮೊದಲು ಯಾರ ಎಲೆಗೆ ಬೀಳುತ್ತದೆ ಎಂಬುದನ್ನು ನೀವು ಎಂದಾದರೂ ಗಮನಿಸಿದ್ದೀರೋ ಇಲ್ಲವೋ ನಾನು ಕಾಣೆ. ಗಮನಿಸಿಲ್ಲವೆಂದರೆ ನೀವು ಸ್ಥಿತಪ್ರಜ್ಞರು, ಇಲ್ಲವೇ ನಿಮ್ಮ ಮಾವನವರಿಗೆ ಒಬ್ಬಳೇ ಮಗಳು. ನನಗೆ ಎರಡು ಭಾಗ್ಯವೂ ಇಲ್ಲ. ಭಾನುವಳ್ಳಿಯ ನನ್ನ ಮಾವನವರಿಗೆ ಗಂಡುಮಕ್ಕಳಿಲ್ಲ, ಹೆಣ್ಣುಮಕ್ಕಳು ಇಬ್ಬರು. ಹೀಗಾಗಿ ನನಗೊಬ್ಬ ಷಡ್ಡಕನಿದ್ದಾನೆ. ಎದುರಿಗೆ ಅವನನ್ನು ‘ಚಂದ್ರಣ್ಣನವರೇ’ ಎಂದು ಬಹುವಚನದಲ್ಲೇ ಕರೆಯುತ್ತೇನೆ, ಬರೆಯುವಾಗ ಮಾತ್ರ ಈ ಏಕವಚನದ ಸುಖವನ್ನು ಬಿಟ್ಟುಕೊಡಲಾರೆ. ತುಪ್ಪದ ಗಿಂಡಿ ಹಿಡಿದು ಅತ್ತೆಯವರು ಅಡುಗೆಮನೆಯ ಹೊಸ್ತಿಲು ದಾಟಿದೊಡನೆ ನನ್ನ ದೃಷ್ಟಿ ಅವರ ಪಾದಗಳ ಮೇಲೆ ನೆಡುತ್ತದೆ. ಎಡಕ್ಕೆ ತಿರುಗಿದರೆ ನನ್ನ ಎಲೆ, ಬಲಕ್ಕೆ ತಿರುಗಿದರೆ ಅವನದು. ಆ ಪಾದಗಳು ಬಲಕ್ಕೇ ತಿರುಗುತ್ತವೆ.

ಇದನ್ನು ಕ್ಷುಲ್ಲಕವೆನ್ನುವವರು ಇತಿಹಾಸ ಓದಿಲ್ಲ. ನಾನು ಅದನ್ನು ಓದಿದ್ದಲ್ಲದೆ ದಾವಣಗೆರೆಯ ಕಾಲೇಜೊಂದರಲ್ಲಿ ಕಲಿಸುತ್ತಲೂ ಇದ್ದೇನೆ; ಮಧ್ಯಾಹ್ನದ ತರಗತಿಯಾದ್ದರಿಂದ ಮಧ್ಯಯುಗದ ಘೋರ ಸಮರಗಳೆಲ್ಲ ವಿದ್ಯಾರ್ಥಿಗಳ ಸುಖನಿದ್ರೆಗೆ ಭಂಗ ಬಾರದಂತೆ ನಡೆದುಹೋಗುತ್ತವೆ. ಹೊಯ್ಸಳ ದೊರೆಯೊಬ್ಬ ತನ್ನ ರಾಜ್ಯವನ್ನು ಇಬ್ಬರು ರಾಣಿಯರ ಇಬ್ಬರು ಮಕ್ಕಳಿಗೆ ಹಂಚಿದ. ಆ ಅಣ್ಣತಮ್ಮಂದಿರು ಬದುಕಿರುವ ತನಕ ಕಾದಾಡಿದರು. ಇತ್ತ ನಮ್ಮ ತುಂಗಭದ್ರೆಯ ದಡದಲ್ಲಿ ಹೊಯ್ಸಳರೂ ಸೇವುಣರೂ ಒಂದೇ ನೆಲಕ್ಕಾಗಿ ತಲೆಮಾರುಗಟ್ಟಲೆ ಹೊಡೆದಾಡಿದರು. ನೆಲ ಬೇಕೆಂಬುದಕ್ಕಿಂತ ನೆರೆಯವನಿಗೆ ಸಿಕ್ಕಿಬಿಟ್ಟೀತೆಂಬ ಉರಿಯೇ ಅವರನ್ನು ಕುದುರೆ ಹತ್ತಿಸುತ್ತಿತ್ತೆಂದು ನನ್ನ ನಂಬಿಕೆ. ಯಾವ ಗ್ರಂಥದ ಆಧಾರವೂ ನನಗೆ ಬೇಕಿಲ್ಲ, ನಾನು ಮದುವೆಯಾದವನು.

ನಮ್ಮ ಉತ್ತರಾಧಿಕಾರದ ವ್ಯಾಜ್ಯ ಹೀಗಿದೆ. ನನ್ನ ಹೆಂಡತಿ ಗಿರಿಜಾ ಹಿರಿಯಳು, ತಂಗಿ ಶೋಭಾ ಕಿರಿಯಳು. ಗಿರಿಜಾ ಬಿ.ಎಡ್. ಓದಬೇಕೆಂದು ಹಟ ಹಿಡಿದು ದಾವಣಗೆರೆಯ ಹಾಸ್ಟೆಲಿನಲ್ಲಿದ್ದಾಗ ತಂಗಿಗೆ ಹರಿಹರದಿಂದ ಬಿಡಲಾಗದಂಥ ಸಂಬಂಧ ಬಂತು. ವರನಿಗೆ ಬಣ್ಣದ ಅಂಗಡಿ, ಮೀಸೆ, ಮೇಲಾಗಿ ಒಳ್ಳೆಯ ಹೆಸರು. ಅಕ್ಕನನ್ನು ಬಿಟ್ಟು ತಂಗಿಯ ಲಗ್ನವಾಯಿತು. ನಾನು ಆ ಮನೆಗೆ ಕಾಲಿಟ್ಟದ್ದು ಆಮೇಲೆ. ಈಗ ನೀವೇ ನ್ಯಾಯ ಹೇಳಿ: ದೊಡ್ಡ ಅಳಿಯ ಯಾರು? ದೊಡ್ಡ ಮಗಳ ಗಂಡನೋ, ಮೊದಲು ಬಂದ ಗಂಡನೋ? ಧರ್ಮ ನನ್ನ ಕಡೆಗಿದೆ. ಆದರೆ ನಾನು ಬರುವ ಮೊದಲೇ ಮನೆಯ ಆಳುಕಾಳುಗಳಿಂದ ಹಿಡಿದು ಅಂಗಳದ ಎಮ್ಮೆಯವರೆಗೆ ಎಲ್ಲರೂ ಚಂದ್ರಣ್ಣನಿಗೆ ಹೊಂದಿಕೊಂಡಿದ್ದರು.

ಮಾವನವರ ಗದ್ದೆಯ ಅಂಚಿನಲ್ಲಿ, ಕಾಲುವೆಯ ಪಕ್ಕಕ್ಕೆ, ಎದೆಯೆತ್ತರದ ಒಂದು ವೀರಗಲ್ಲಿದೆ. ಕೆಳಗಿನ ಪಟ್ಟಿಯಲ್ಲಿ ಒಬ್ಬ ವೀರ ಕುದುರೆ ಸವಾರನೊಡನೆ ಕಾದುತ್ತಿದ್ದಾನೆ. ನಡುವಣ ಪಟ್ಟಿಯಲ್ಲಿ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೊಯ್ಯುತ್ತಿದ್ದಾರೆ. ತುದಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ಅಕ್ಷರವೇನೂ ಇಲ್ಲ. ಮನೆಯವರು ಅವನನ್ನು ವೀರಪ್ಪನೆಂದು ಕರೆದು, ದೀಪಾವಳಿಯ ಪಾಡ್ಯದಂದು ಎಣ್ಣೆ ಹಚ್ಚಿ, ಎಡೆ ಹಿಡಿದು, ಕಾಯಿ ಒಡೆಯುತ್ತಾರೆ. ಕಾಯಿ ಒಡೆಯುವುದು ಮನೆಯ ಯಜಮಾನನ ಹಕ್ಕು. ಮಾವನವರಿಗೆ ಮೊಣಕಾಲು ನೋವು ಹೆಚ್ಚಿ ಬಗ್ಗಲಾಗದಂತಾದ ವರ್ಷ, ಎಲ್ಲರೂ ಗದ್ದೆಯಲ್ಲಿ ನೆರೆದಿದ್ದಾಗ ಅವರು “ಇನ್ ಮ್ಯಾಲೆ ದೊಡ್ಡ ಅಳಿಯಂದ್ರು ಒಡೀಲಿ” ಎಂದುಬಿಟ್ಟರು. ನಾನೂ ಕೈ ಚಾಚಿದೆ, ಚಂದ್ರಣ್ಣನೂ ಚಾಚಿದ. ಅತ್ತೆಯವರು ಕಾಯಿಯನ್ನು ಅವನ ಕೈಯಲ್ಲಿಟ್ಟರು. ಚಾಚಿದ ನನ್ನ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆಂದು ತಿಳಿಯದೆ, ಅದೇ ಕೈಯಿಂದ ವೀರಪ್ಪನಿಗೆ ನಮಸ್ಕಾರ ಮಾಡಿದೆ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಬಾಹುಬಲದಲ್ಲಿ ಸೋತವನು ವಿದ್ಯಾಬಲದಿಂದ ಗೆಲ್ಲಬೇಕೆಂದು ಮರುವರ್ಷ ಕಲ್ಲಿನ ಮುಂದೆ ನಿಂತು ಸುದೀರ್ಘ ಉಪನ್ಯಾಸವನ್ನೇ ಕೊಟ್ಟೆ. ಈ ಸೀಮೆ ಗಡಿಯಾಗಿತ್ತೆಂದೂ, ಇಂದು ಹೊಯ್ಸಳರದಾದದ್ದು ನಾಳೆ ಸೇವುಣರದಾಗುತ್ತಿತ್ತೆಂದೂ, ಆದ್ದರಿಂದ ಈ ವೀರ ಯಾವ ಪಕ್ಷದವನೆಂದು ಹೇಳಲು ಬಾರದೆಂದೂ, ಉತ್ತರದಿಂದ ದಂಡೆತ್ತಿ ಬಂದ ಶತ್ರುವೇ ಇದ್ದಿರಬಹುದೆಂದೂ ಸಾಧಾರವಾಗಿ ನಿರೂಪಿಸಿದೆ. ಕೇಳುತ್ತಿದ್ದವರ ಮುಖಗಳು ಒಂದೊಂದಾಗಿ ಗಂಟಿಕ್ಕಿದವು.

“ಅಂದ್ರ, ನಮ್ಮೂರು ಲೂಟಿ ಮಾಡಾಕ ಬಂದೋನಿಗೆ ನಾವು ಇಷ್ಟ್ ವರ್ಷ ಎಡಿ ಹಿಡ್ದೀವಿ ಅಂತೀರೇನು?” ಎಂದರು ಮಾವನವರು.

ಚಂದ್ರಣ್ಣ ನಕ್ಕ. “ಮೇಷ್ಟ್ರು ಓದಿದೋರು, ಹೇಳಿದ್ಮ್ಯಾಗ ಇರಬೋದು ಬಿಡ್ರಿ ಮಾವಾರೆ. ಯಾವ ಕಡಿಯವನಾದ್ರೇನು? ನಮ್ಮ ಹೊಲದಾಗ ಸತ್ತಾನ, ನಮ್ಮೋನೇ ಆದ.”

ಎಲ್ಲರ ಗಂಟು ಸಡಿಲವಾಯಿತು. ಎರಡು ಪದವಿ ಪಡೆದ ನನಗೆ ಹೊಳೆಯಬೇಕಾಗಿದ್ದ ಮಾತು ಅದು. ಕಾಲೇಜು ಉಪನ್ಯಾಸಕನನ್ನು ಮೇಷ್ಟ್ರು ಮಾಡಿದ್ದನ್ನಾದರೂ ಕ್ಷಮಿಸಬಲ್ಲೆ, ಆ ಮಾತನ್ನು ಕ್ಷಮಿಸಲಾರೆ.

ಅದರ ಮುಂದಿನ ವರ್ಷ ನಾವು ಹೋಗುವಷ್ಟರಲ್ಲಿ ವೀರಪ್ಪ ಗುರುತು ಸಿಗದಂತಾಗಿದ್ದ. ಚಂದ್ರಣ್ಣ ತನ್ನ ಅಂಗಡಿಯ ಆಯಿಲ್ ಪೇಂಟು ತಂದು, ಹಬ್ಬದ ಹಿಂದಿನ ದಿನವೆಲ್ಲ ಕೂತು, ಕಲ್ಲಿಗೆ ಬಣ್ಣ ಬಳಿದಿದ್ದ. ವೀರನಿಗೆ ಕೆಂಪು ಚಲ್ಲಣ, ಕುದುರೆಗೆ ಆಕಾಶನೀಲಿ, ಅಪ್ಸರೆಯರಿಗೆ ಹಸಿರು ಕುಪ್ಪಸ. ವೀರನ ಮೂತಿಯ ಮೇಲೆ, ಶಿಲ್ಪಿ ಕೆತ್ತದಿದ್ದ ಒಂದು ಮೀಸೆ ಮೂಡಿತ್ತು, ಅದು ಚಂದ್ರಣ್ಣನ ಮೀಸೆಯೇ ಆಗಿತ್ತು. ಏಳೆಂಟು ಶತಮಾನಗಳ ಪ್ರಾಚೀನ ಶಿಲೆಗೆ ಒದಗಿದ ಈ ದುರವಸ್ಥೆಯನ್ನು ಕಂಡು ನನ್ನ ಕರುಳು ಕಿವುಚಿತು. ಊರವರು ಮಾತ್ರ ತಂಡತಂಡವಾಗಿ ಬಂದು ನೋಡಿ “ಈಗ ಜೀವಕಳೆ ಬಂತು ನೋಡ್ರಿ” ಎಂದು ಹೊಗಳಿ ಹೋಗುತ್ತಿದ್ದರು. ನನ್ನ ಕರುಳು ಕಿವುಚಿದ್ದು ಪ್ರಾಚ್ಯವಸ್ತುವಿನ ಮೇಲಣ ಪ್ರೀತಿಯಿಂದ ಎಷ್ಟು, ಆ ಹೊಗಳಿಕೆಯಿಂದ ಎಷ್ಟು ಎಂದು ತೂಗಿ ನೋಡುವ ಧೈರ್ಯ ನನಗಿಲ್ಲ.

ನನಗೂ ಒಂದು ದಿಗ್ವಿಜಯದ ಕಾಲ ಬಂದಿತ್ತು. ದಾವಣಗೆರೆ ಹೊಸ ಜಿಲ್ಲೆಯಾಗಿ ಹರಿಹರ ಅದರೊಳಗಿನ ತಾಲ್ಲೂಕಾದಾಗ ನಾನು ಸರಸ್ವತಿ ನಗರದ ನನ್ನ ಬಾಡಿಗೆ ಮನೆಯ ಜಗಲಿಯ ಮೇಲೆ ಸಾಮ್ರಾಟನ ಗತ್ತಿನಲ್ಲಿ ಅಡ್ಡಾಡಿದೆ. ಷಡ್ಡಕನ ಊರು ಇನ್ನು ನನ್ನ ಊರಿನ ಸಾಮಂತ! ಆ ವಾರವೇ ಹರಿಹರಕ್ಕೆ ಹೋಗಿ, “ಇನ್ನು ಜಿಲ್ಲಾ ಕಚೇರಿ ಕೆಲಸಕ್ಕೆಲ್ಲ ನಮ್ಮೂರಿಗೇ ಬರಬೇಕಲ್ಲ ಚಂದ್ರಣ್ಣನವರೇ” ಎಂದು ಕಪ್ಪಕಾಣಿಕೆ ಕೇಳುವ ದನಿಯಲ್ಲಿ ಹೇಳಿದೆ. ಅವನು “ಒಳ್ಳೇದಾತು ಬಿಡ್ರಿ, ದುರ್ಗದ ತನಕ ಹೋಗೋದು ತಪ್ತು. ಬಂದಾಗ ನಿಮ್ಮನ್ಯಾಗ ಊಟಾನೂ ಆಗ್ತೈತೆ” ಎಂದ. ಬಂದಾಗಲೆಲ್ಲ ಉಂಡೂ ಹೋದ. ಗಿರಿಜಾ ಅವನಿಗೆ ಎರಡೆರಡು ಸಲ ತುಪ್ಪ ಬಡಿಸಿದಳು.

ಈಗ ಕಳೆದ ದೀಪಾವಳಿಗೆ ಬರುತ್ತೇನೆ. ಗದ್ದೆಯಲ್ಲಿ ಎಲ್ಲರೂ ನೆರೆದಿದ್ದೆವು. ಎಡೆ ಹಿಡಿದಾಯಿತು, ಊದುಬತ್ತಿ ಹಚ್ಚಿದ್ದಾಯಿತು. ಅತ್ತೆಯವರು ಎಂದಿನಂತೆ ಕಾಯಿಯನ್ನು ಚಂದ್ರಣ್ಣನ ಕೈಗೆ ಕೊಟ್ಟರು. ಅವನು ಅದನ್ನು ಹಿಡಿದು ಒಂದು ಗಳಿಗೆ ನಿಂತು, ನನ್ನ ಕಡೆ ತಿರುಗಿದ.

“ಮೇಷ್ಟ್ರೇ, ಈ ಸಲ ನೀವು ಒಡೀರಿ. ನಿಜ ನೋಡಿದ್ರ ದೊಡ್ಡ ಅಳಿಯಂದ್ರು ನೀವಲ್ಲೇನು? ಗಿರಿಜಕ್ಕ ದೊಡ್ಡೋರು. ಇಷ್ಟ್ ವರ್ಷ ನನಗದು ಹೊಳೀಲೇ ಇಲ್ಲ ನೋಡ್ರಿ.”

ನನ್ನ ಕೈಗೆ ಕಾಯಿ ಬಂತು. ಒಡೆದೆ. ಸರಿಯಾಗಿ ಎರಡು ಹೋಳಾಯಿತು. ಆದರೆ ಆ ಹೋಳುಗಳನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಚಂದ್ರಣ್ಣನ ಮೇಲಿತ್ತು. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವನವರು ಪಕ್ಕದ ಗದ್ದೆಯವರಿಗೆ ಕೇಳುವಂತೆ “ಇರಬೇಕು, ಮನಸ್ಸು ಅಂದ್ರ ಇಂಥಾದ್ದಿರಬೇಕು” ಎಂದರು. ಊಟಕ್ಕೆ ಕೂತಾಗ ಅತ್ತೆಯವರ ಪಾದಗಳು ಎಂದಿನಂತೆ ಬಲಕ್ಕೇ ತಿರುಗಿದವು. ಚಂದ್ರಣ್ಣ ತನ್ನ ಎಲೆಗೆ ಕೈ ಅಡ್ಡ ಹಿಡಿದು “ಮೊದ್ಲು ಮೇಷ್ಟ್ರಿಗೆ” ಎಂದ. ತುಪ್ಪ ಮೊದಲು ನನ್ನ ಹೋಳಿಗೆಯ ಮೇಲೆ ಬಿತ್ತು. ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟು ಹತ್ತಿದವರು ಹೇಳುತ್ತಾರೆ. ಕೊಟ್ಟವನ ಗತಿ ಏನೆಂದು ಅವರು ಹೇಳಿಲ್ಲ. ಅವನು ಕೊಬ್ಬಿ ಬೆಳೆಯುತ್ತಾನೆ.

ಚಂದ್ರಣ್ಣ ತನ್ನ ಹೊಸ ಮಾರುತಿ ವ್ಯಾನಿನಲ್ಲಿ ಬಿಟ್ಟುಬರುತ್ತೇನೆಂದರೂ ಒಪ್ಪದೆ ನಾವು ಬಸ್ಸಿನಲ್ಲಿ ಹೊರಟೆವು. ಹರಿಹರದಲ್ಲಿ ಬಸ್ಸು ಬದಲಿಸಿ ಕುಳಿತೆವು.

“ಯಾಕ ಸುಮ್ನಿದ್ದಿ? ಕಾಯಿ ನಾನೇ ಒಡೆದ್ನಲ್ಲ” ಎಂದೆ.

“ಶೋಭಾನ ಮದುವಿ ದಿನ ಚಪ್ಪರದಾಗ ಎಲ್ರೂ ನನ್ನ ಮುಖಾನೇ ನೋಡ್ತಿದ್ರು” ಎಂದಳು. “ಅಕ್ಕ ಇರುವಾಗ ತಂಗೀಗೆ ಯಾಕ, ಇಕೀಗೆ ಏನೋ ಐಬು ಇರಬೇಕು ಅಂತ. ಅವತ್ತಿಂದ ಆ ಮನ್ಯಾಗ ನಾನು ಎರಡನೇಕಿ. ನೀವು ಒಂದ್ ಸಲ ಅಪ್ಪಗ, ಗಿರಿಜಾ ದೊಡ್ಡಾಕಿ, ಕಾಯಿ ನಾನು ಒಡೀತೀನಿ ಅಂತ ಬಾಯಿಬಿಟ್ಟು ಕೇಳ್ತೀರಿ ಅಂತ ವರ್ಷಾ ವರ್ಷಾ ಕಾಯ್ಕೊಂತ ನಿಂತಿರ್ತಿದ್ದೆ.”

ಆ ಕಾಯಿಯ ಮೇಲೆ ನನ್ನದಲ್ಲದೆ ಇನ್ನೊಂದು ಜೀವದ ಆಸೆ ಇದ್ದೀತೆಂದು ನನಗೆ ಕನಸಿನಲ್ಲೂ ತೋರಿರಲಿಲ್ಲ. ನಾನು ಪಾಠ ಹೇಳುವ ಆ ರಾಜರು ಎಷ್ಟೇ ಮತ್ಸರಿಗಳಿರಲಿ, ದಂಡೆತ್ತುವ ಮೊದಲು ಓಲೆ ಕೊಟ್ಟು ದೂತನನ್ನು ಕಳಿಸುತ್ತಿದ್ದರು. ನನಗೆ ಇಂಥದು ಬೇಕು, ಕೊಡುತ್ತೀಯೋ ಇಲ್ಲವೋ ಎಂದು ಕೇಳುತ್ತಿದ್ದರು. ನಾನು ಉಪನ್ಯಾಸ ಕೊಟ್ಟೆ, ಜಿಲ್ಲೆ ಗೆದ್ದೆ, ಹೊಟ್ಟೆಯೊಳಗೆ ಕತ್ತಿ ಮಸೆದೆ. ಕೇಳಿದ್ದಿಲ್ಲ.

“ಮುಂದಿನ ವರ್ಷ ಕೇಳ್ತೀನಿ” ಎಂದೆ.

“ಕೇಳಾಕ ಏನ್ ಉಳೀತ್ರೀ? ಅವರು ಕೊಟ್ಟುಬಿಟ್ರು.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಕಡೆಯಿಂದಲೇ “ಅವರ ಮೀಸಿ ನೋಡಿದ್ರೇನು? ಕಪ್ಪು ಬಣ್ಣ ಹಾಕ್ಯಾರ” ಎಂದಳು. ನಾನು ಗಮನಿಸಿದ್ದೇನೆ ಎಂದೆ. ದಾವಣಗೆರೆ ಬರುವವರೆಗೂ ನಾವಿಬ್ಬರೂ ಒಂದೇ ಸೀಟಿನಲ್ಲಿ ಒತ್ತಿ ಕೂತು, ಮದುವೆಯಾದಂದಿನಿಂದ ಯಾವ ವಿಷಯದಲ್ಲೂ ಕಾಣದಿದ್ದ ಒಮ್ಮತದಿಂದ, ಆ ಒಳ್ಳೆಯ ಮನುಷ್ಯನ ಮೇಲೆ ಹೊಟ್ಟೆ ಉರಿದುಕೊಂಡೆವು.